ಮನೆಮಂದಿಯ ನಡುವೆ ಕೂರುವವರ ಅರ್ಹತೆ

ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ಔಷಧಿ ಅಂಗಡಿ ತೆರೆಯಬೇಕಾದರೆ ನೋಂದಾಯಿತ ಫಾರ್ಮಸಿಸ್ಟ್ ಒಬ್ಬರು ಬೇಕು. ಕಾಗದಪತ್ರ ಕೇಳಲು ಅಧಿಕಾರಿಯೂ ಇದ್ದಾರೆ. ಕುಡಿತದಿಂದಲೋ ಸಾಲದಿಂದಲೋ ಮಾನಸಿಕ ಕಾಯಿಲೆಯಿಂದಲೋ ಒಡೆಯುತ್ತಿರುವ ಸಂಸಾರವನ್ನು ಎದುರಿಗೆ ಕೂರಿಸಿಕೊಂಡು, ಗಂಡ, ಹೆಂಡತಿ, ಅತ್ತೆ, ಮಾವ, ಮಕ್ಕಳು ಇವರೆಲ್ಲರ ನಡುವಿನ ಮಾತನ್ನು ನಡೆಸಿಕೊಡುವ ಕೆಲಸಕ್ಕೆ ಮಾತ್ರ ನಮ್ಮ ದೇಶದಲ್ಲಿ ಪ್ರತ್ಯೇಕ ನೋಂದಣಿ ಇಲ್ಲ, ಇಷ್ಟು ಕಲಿತಿರಲೇಬೇಕೆಂಬ ಕಟ್ಟುಪಾಡೂ ಇಲ್ಲ. ಕುಟುಂಬ ಚಿಕಿತ್ಸಕ ಎಂದೋ ಫ್ಯಾಮಿಲಿ ಕೌನ್ಸೆಲರ್ ಎಂದೋ ಬೋರ್ಡ್ ಬರೆಸಿ ಬಾಗಿಲಿಗೆ ಹಾಕಿಕೊಂಡವರನ್ನು, ನೀವು ಎಲ್ಲಿ ಕಲಿತಿರಿ, ಯಾರ ಕೈಕೆಳಗೆ ಪಳಗಿದಿರಿ ಎಂದು ಕೇಳುವ ಕಚೇರಿ ಇಲ್ಲ. ಈ ಕೊರತೆ ತುಂಬಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯ ಹೆಚ್ಚಿರಲಾರದು. ಹೇಗೆ ತುಂಬಬೇಕು ಎಂಬಲ್ಲಿ ಇದೆ. ಹೊಸದೊಂದು ವೃತ್ತಿ, ಹೊಸದೊಂದು ಪದವಿ ಹುಟ್ಟುಹಾಕುವುದು ಒಂದು ದಾರಿ. ಇನ್ನೊಂದು ದಾರಿಯೂ ಇದೆ. ಈಗಿರುವ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಮಾನಸಿಕ ಆರೋಗ್ಯದ ನರ್ಸ್‌ಗಳು, ಈ ನಾಲ್ವರಲ್ಲಿ ಯಾರೇ ಆಗಲಿ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಇಷ್ಟು ಗಂಟೆ ಕುಟುಂಬಗಳ ಜೊತೆ ಕೆಲಸ ಮಾಡಿ ತೋರಿಸಿದ ಮೇಲೆ ಆ ಹೆಸರು ಹಾಕಿಕೊಳ್ಳಲಿ ಎಂಬ ಸಮಾನ ನಿಯಮ ತರುವುದು. ಈ ಎರಡನೆಯದೇ ಸರಿ ಎಂಬುದು ನನ್ನ ವಾದ. ಅದರಲ್ಲೂ ಆಂಧ್ರ ಗಡಿಯ ಕನ್ನಡಿಗರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ.

ಗಡಿಯ ಮಾತನ್ನು ಸುಮ್ಮನೆ ಎತ್ತಿದ್ದಲ್ಲ. ಅನಂತಪುರ ಜಿಲ್ಲೆ ಹುಟ್ಟಿದ್ದೇ 1882ರಲ್ಲಿ, ಬಳ್ಳಾರಿಯಿಂದ ಬೇರ್ಪಟ್ಟು. ರಾಯದುರ್ಗ ತಾಲ್ಲೂಕು 1953ರವರೆಗೂ ಬಳ್ಳಾರಿಯಲ್ಲೇ ಇತ್ತು. ಮಡಕಶಿರಾ, ರೊಳ್ಳ, ಅಮರಾಪುರ, ಅಗಳಿ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 2022ರ ಏಪ್ರಿಲ್ 4ರಂದು ಜಿಲ್ಲೆ ಮತ್ತೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಮನೆಯಲ್ಲಿ ಯಾರಿಗಾದರೂ ಮನಸ್ಸು ಕೆಟ್ಟಿತು ಎಂದಾಗ ಹಿಂದೂಪುರದ ಸೀಮೆಯವರು ನೋಡುವುದು ಬೆಂಗಳೂರಿನ ಕಡೆಗೆ. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನೂರು ಕಿಲೋಮೀಟರ್ ಆಸುಪಾಸು; 2014ರ ವಿಭಜನೆಯ ನಂತರ ಆಂಧ್ರದ ಪಾಲಿಗೆ ಉಳಿದ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆ ಇರುವ ವಿಶಾಖಪಟ್ಟಣ ಎಂಟುನೂರು ಕಿಲೋಮೀಟರಿಗೂ ಆಚೆ. ಚಿಕಿತ್ಸೆ ಹೀಗೆ ಕರ್ನಾಟಕದಲ್ಲಿ ನಡೆದರೆ, ಸಂಸಾರದ ಜಗಳ ಠಾಣೆ ಹತ್ತಿದಾಗ ಠಾಣೆ, ಕೋರ್ಟು, ಕೌಟುಂಬಿಕ ಹಿಂಸೆಯ ದೂರು ನೋಡುವ ಸಂರಕ್ಷಣಾಧಿಕಾರಿ ಎಲ್ಲವೂ ಆಂಧ್ರದ್ದು. ಈ ಎರಡರ ನಡುವೆ ಒಬ್ಬ ಆಪ್ತಸಮಾಲೋಚಕರ ಅರ್ಹತೆಯನ್ನು ಅಳೆಯುವವರು ಯಾರು? 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 55ನೇ ಕಲಮಿನಂತೆ ಸೈಕಾಲಜಿಸ್ಟರು, ನರ್ಸ್‌ಗಳು, ಸಮಾಜ ಕಾರ್ಯಕರ್ತರನ್ನು ನೋಂದಾಯಿಸುವುದು ಆಯಾ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರ. ಕುಟುಂಬ ಮಾತ್ರ ರಾಜ್ಯದ ಗೆರೆ ನೋಡಿ ಬಾಳುವುದಿಲ್ಲ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಹೆಂಡತಿ ಮಕ್ಕಳು ಮಡಕಶಿರಾದಲ್ಲಿ, ಅವಳ ತವರು ಕರ್ನಾಟಕದ ಪಾವಗಡದಲ್ಲಿ ಎಂಬುದು ಈ ಕಡೆ ಯಾರೂ ವಿಶೇಷವೆಂದು ಹೇಳದ ಸಂಗತಿ.

ಕುಟುಂಬ ಚಿಕಿತ್ಸೆ ಬೇರೆಯದೇ ಆದ ಕೆಲಸವೇ, ಒಬ್ಬರ ಜೊತೆ ಮಾತಾಡಬಲ್ಲವರು ನಾಲ್ವರ ಜೊತೆಗೂ ಮಾತಾಡಲಾರರೇ ಎಂದು ಕೇಳುವವರಿದ್ದಾರೆ. ಕೋಣೆಯೊಳಗೆ ಏನಾಗುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಸೊಸೆಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಸಣ್ಣದಕ್ಕೂ ಅಳುತ್ತಾಳೆ ಎಂದು ಕರೆತಂದಿದ್ದಾರೆ. ನಿನಗೆ ಯಾವಾಗಿನಿಂದ ಹೀಗಮ್ಮ ಎಂದು ಸಮಾಲೋಚಕರು ಕೇಳುತ್ತಾರೆ. ಉತ್ತರ ಅತ್ತೆಯಿಂದ ಬರುತ್ತದೆ. ಗಂಡ ಮೊಬೈಲ್ ನೋಡುತ್ತಿದ್ದಾನೆ. ಸೊಸೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಾಳೆ. ತರಬೇತಿ ಇಲ್ಲದವರಿಗೆ ಇಲ್ಲಿ ಕಾಣುವುದು ಒಬ್ಬ ರೋಗಿ ಮತ್ತು ಇಬ್ಬರು ಮಾಹಿತಿದಾರರು. ತರಬೇತಿ ಪಡೆದವರಿಗೆ ಕಾಣುವುದು ಯಾರು ಯಾರ ಪರವಾಗಿ ಮಾತಾಡುತ್ತಾರೆ, ಯಾರು ಮಾತಾಡಿದಾಗ ಯಾರು ಸುಮ್ಮನಾಗುತ್ತಾರೆ ಎಂಬ ಏರ್ಪಾಡು. ಮೊದಲನೆಯವರು ಕೊನೆಗೆ, ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಆ ಒಂದು ಮಾತಿನಿಂದ ಅತ್ತೆಯ ಅಹವಾಲಿಗೆ ಬಿಳಿ ಕೋಟಿನವರ ಮುದ್ರೆ ಬಿದ್ದಂತಾಗುತ್ತದೆ; ಸೊಸೆ ಮುಂದಿನ ಸಲ ಬರುವುದಿಲ್ಲ. ಎರಡನೆಯವರು ಅತ್ತೆಯ ಕಾಳಜಿಯನ್ನು ಗೌರವಿಸಿಯೇ, ಈಗ ಸ್ವಲ್ಪ ಹೊತ್ತು ಅವಳ ಬಾಯಿಂದಲೇ ಕೇಳೋಣ ಅಮ್ಮ ಎಂದು ಕುರ್ಚಿಗಳ ಜಾಗ ಬದಲಿಸುತ್ತಾರೆ, ಗಂಡನನ್ನು ಮಾತಿಗೆ ಎಳೆಯುತ್ತಾರೆ, ಅಗತ್ಯ ಕಂಡರೆ ಸೊಸೆಯನ್ನು ಒಬ್ಬಳನ್ನೇ ಒಳಗೆ ಕರೆದು, ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರಾ ಎಂದು ಕೇಳುತ್ತಾರೆ. ಈ ಕೊನೆಯ ಪ್ರಶ್ನೆಯನ್ನು ಎಲ್ಲರ ಎದುರಿಗೆ ಕೇಳುವವರು ಅವಳಿಗೆ ಉಪಕಾರ ಮಾಡುವುದಿಲ್ಲ. ಅವಳು ಅಲ್ಲಿ ನಿಜ ಹೇಳಿದರೆ ರಾತ್ರಿ ಮನೆಯಲ್ಲಿ ಅದರ ಬೆಲೆ ತೆರುತ್ತಾಳೆ. ಭಯ ಹುಟ್ಟಿಸುವ ಹಿಂಸೆ ಇರುವ ಕಡೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಚಿಕಿತ್ಸೆ ಮಾಡಬಾರದು ಎಂಬುದು ಈ ಕ್ಷೇತ್ರದವರೆಲ್ಲ ಒಪ್ಪಿದ ಎಚ್ಚರಿಕೆ. ಪುಸ್ತಕ ಓದಿ ಅದನ್ನು ತಿಳಿಯಬಹುದು. ಆ ಗಳಿಗೆಯನ್ನು ಗುರುತಿಸುವ ಕಣ್ಣು, ಬಲ್ಲವರೊಬ್ಬರು ನಮ್ಮ ಕೆಲಸವನ್ನು ನೋಡಿ ತಿದ್ದಿದಾಗ ಬರುತ್ತದೆ.

ಈ ಸೀಮೆಯಲ್ಲಿ ಇನ್ನೂ ಒಂದು ತೊಡಕಿದೆ, ಅದನ್ನು ಇಂಗ್ಲಿಷ್ ಪಠ್ಯಪುಸ್ತಕಗಳು ಕಲಿಸಲಾರವು. ರಾಯಲಸೀಮೆಯಲ್ಲೂ ದಕ್ಷಿಣ ಕರ್ನಾಟಕದಲ್ಲೂ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಹಳೆಯದು, ಇನ್ನೂ ಅಳಿದಿಲ್ಲ. ಹಾಗೆ ಮದುವೆಯಾದ ಹುಡುಗಿಗೆ ಅತ್ತೆಯೆಂದರೆ ತಾಯಿಯ ತಾಯಿ, ಅಂದರೆ ಸ್ವಂತ ಅಜ್ಜಿ. ಗಂಡನ ಅಕ್ಕ ಎಂದರೆ ಇವಳನ್ನು ಹೆತ್ತವಳೇ. ಗಂಡನ ಮೇಲೆ ದೂರು ಹೇಳಿಕೊಳ್ಳಲು ತವರಿಗೆ ಹೋದರೆ ಆ ದೂರನ್ನು ಕೇಳುವ ತಾಯಿ ಒಂದು ಕಿವಿಯಿಂದ ಮಗಳ ಮಾತು ಕೇಳುತ್ತಾಳೆ, ಇನ್ನೊಂದರಿಂದ ತಮ್ಮನ ಮೇಲಿನ ಆಪಾದನೆ ಕೇಳುತ್ತಾಳೆ. ಕುಟುಂಬ ಚಿಕಿತ್ಸೆಯ ಮೊದಲ ಪಾಠಗಳಲ್ಲಿ ಒಂದು, ಮೂರು ತಲೆಮಾರಿನ ವಂಶವೃಕ್ಷವನ್ನು ಕಾಗದದ ಮೇಲೆ ಬರೆದು ಯಾರು ಯಾರಿಗೆ ಹತ್ತಿರ, ಯಾರು ದೂರ ಎಂದು ಗೆರೆ ಹಾಕುವುದು. ಗಂಡನ ಕಡೆ, ಹೆಂಡತಿಯ ಕಡೆ ಎಂದು ಎರಡು ಬೇರೆ ಕೊಂಬೆಗಳಿರುತ್ತವೆ ಎಂದು ಎಣಿಸಿ ಮಾಡಿದ ಆ ಪಟ ಇಲ್ಲಿ ಒಂದರೊಳಗೊಂದು ಹೆಣೆದುಕೊಳ್ಳುತ್ತದೆ. ಭಾಷೆಯದೂ ಹೀಗೆಯೇ. ಸೊಸೆ ತೆಲುಗು ಮನೆಯಿಂದ ಬಂದವಳು, ಅತ್ತೆಯ ಮನೆಯಲ್ಲಿ ಕನ್ನಡ, ಸಮಾಲೋಚಕರು ಇಬ್ಬರಲ್ಲಿ ಯಾರ ಭಾಷೆಯಲ್ಲಿ ಮಾತು ಶುರು ಮಾಡುತ್ತಾರೋ ಅವರ ಪಕ್ಷ ಹಿಡಿದರೆಂದು ಇನ್ನೊಬ್ಬರಿಗೆ ಅನಿಸುವುದು ಸಹಜ. ಇಂಥ ಮನೆಗಳ ಜೊತೆ ಕೆಲಸ ಮಾಡಲು ಅರ್ಹತೆ ಏನು ಎಂದು ಕೇಳಿದರೆ, ಇಂಥ ಮನೆಗಳ ಜೊತೆ ಯಾರದೋ ಕಣ್ಣಳತೆಯಲ್ಲಿ ಕೆಲಸ ಮಾಡಿರುವುದೇ ಅರ್ಹತೆ ಎಂದು ಹೇಳಬೇಕಾಗುತ್ತದೆ.

ಈಗ ನಮ್ಮ ಕಾನೂನು ಏನು ಕೇಳುತ್ತದೆ ನೋಡೋಣ. ಮನೋವೈದ್ಯರಾಗಲು ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಎಂಬುದು ಇದುವರೆಗಿನ ದಾರಿ. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ 1992ರ ಪರಿಷತ್ ಕಾಯಿದೆಯಲ್ಲಿ ಒಂದು ವರ್ಷದವರೆಗೆ ಸೆರೆವಾಸ, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಎಂಎಸ್‌ಡಬ್ಲ್ಯೂ ಜೊತೆಗೆ ಎರಡು ವರ್ಷದ ಎಂ.ಫಿಲ್. ಮಾನಸಿಕ ಆರೋಗ್ಯದ ನರ್ಸ್‌ಗೆ ಸಾಮಾನ್ಯ ನರ್ಸಿಂಗ್ ಅಥವಾ ಮನೋವೈದ್ಯಕೀಯ ನರ್ಸಿಂಗ್‌ನ ಡಿಪ್ಲೊಮಾ ಇಲ್ಲವೇ ಪದವಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು. ಇವು 2017ರ ಕಾಯಿದೆಯ ವ್ಯಾಖ್ಯೆಗಳು. ಇಷ್ಟು ಕುಟುಂಬಗಳ ಜೊತೆ ಕೆಲಸ ಮಾಡಿರಬೇಕು ಎಂಬ ಷರತ್ತು ಇವುಗಳಲ್ಲಿ ಒಂದರಲ್ಲೂ ಇಲ್ಲ. ಅದೇ ಕಾಯಿದೆಯ 18ನೇ ಕಲಮು, ಸರ್ಕಾರ ಒದಗಿಸಲೇಬೇಕಾದ ಸೇವೆಗಳಲ್ಲಿ ಮಾನಸಿಕ ಕಾಯಿಲೆಯವರ ಕುಟುಂಬಕ್ಕೆ ನೆರವಾಗುವ ಸೇವೆಯನ್ನೂ ಹೆಸರಿಸುತ್ತದೆ. ಚಿಕಿತ್ಸೆಗಾಗಿ ಯಾರೂ ಬಹುದೂರ ಹೋಗುವಂತಾಗಬಾರದು ಎಂದೂ ಹೇಳುತ್ತದೆ. ಸೇವೆ ಇದೆ, ಅದನ್ನು ಕೊಡಬಲ್ಲವರು ಯಾರು ಎಂಬ ವ್ಯಾಖ್ಯೆ ಇಲ್ಲ. 2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯಿದೆ ವರ್ತನಾ ಆರೋಗ್ಯದ ವೃತ್ತಿಗಳಿಗೊಂದು ಗುಂಪು ಮಾಡಿ ಸೈಕಾಲಜಿಸ್ಟರು, ಸಮಾಜ ಕಾರ್ಯಕರ್ತರು, ಎಚ್ಐವಿ ಸಮಾಲೋಚಕರು, ಕುಟುಂಬ ಯೋಜನೆಯ ಸಮಾಲೋಚಕರನ್ನು ಪಟ್ಟಿಗೆ ಸೇರಿಸಿತು. ಕುಟುಂಬ ಚಿಕಿತ್ಸಕ ಎಂಬ ಹೆಸರಿಗೆ ಅಲ್ಲೂ ಜಾಗ ಸಿಗಲಿಲ್ಲ. ಇದರ ನಡುವೆ 2022ರಲ್ಲಿ ಯುಜಿಸಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಎರಡಕ್ಕೆ ಮಾತ್ರ 2025-26ರವರೆಗೆ ಅವಕಾಶ ವಿಸ್ತರಿಸಿತು. ಕಾನೂನಿನ ವ್ಯಾಖ್ಯೆ ಯಾವ ಪದವಿಯ ಮೇಲೆ ನಿಂತಿತ್ತೋ ಆ ಪದವಿಯೇ ಸರಿಯುತ್ತಿದೆ. ತರಬೇತಿಯ ನಿಯಮಗಳನ್ನು ಹೊಸದಾಗಿ ಬರೆಯಲೇಬೇಕಾದ ಕಾಲ ಇದು. ಕುಟುಂಬದ ಜೊತೆಗಿನ ಕೆಲಸವನ್ನು ನಿಯಮದೊಳಗೆ ಸೇರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಗನೆ ಬರಲಾರದು.

ಆಸ್ಪತ್ರೆಯ ಹೊರಗೆ, ಕಾನೂನಿನ ಅಂಗಳದಲ್ಲಿ ಸ್ಥಿತಿ ಇನ್ನೂ ಸಡಿಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 14ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಪಕ್ಷಗಾರರನ್ನು ಕೌನ್ಸೆಲಿಂಗ್‌ಗೆ ಕಳಿಸಬಹುದು. ಕೌನ್ಸೆಲಿಂಗ್ ಮಾಡುವವರಿಗೆ ನಿಯಮಗಳಲ್ಲಿ ಗೊತ್ತುಮಾಡಿದ ಅರ್ಹತೆ, ಅನುಭವ ಇರಬೇಕೆನ್ನುತ್ತದೆ ಕಾಯಿದೆ. ಆ ಅರ್ಹತೆ ಏನೆಂದು 2006ರ ನಿಯಮಗಳಲ್ಲಿ ಸಮಾಲೋಚಕರ ನೇಮಕದ 13ನೇ ನಿಯಮವನ್ನು ತೆರೆದು ನೋಡಿದರೆ, ಯಾರು ಆಗಬಾರದು ಎಂಬುದು ಸಿಗುತ್ತದೆ: ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು, ಪಕ್ಷಗಾರರ ನೆಂಟರು, ಎದುರುದಾರನ ವಕೀಲರು. ಆದಷ್ಟೂ ಮಹಿಳೆಯರಾಗಿರಬೇಕು ಎಂಬುದೂ ಇದೆ. ಏನು ಓದಿರಬೇಕು, ಎಷ್ಟು ಪಳಗಿರಬೇಕು ಎಂಬುದು ಅಲ್ಲಿ ಕಾಣುವುದಿಲ್ಲ. ಮುಂದಿನ ನಿಯಮ ಮಾತ್ರ ಬಹಳ ಸೂಕ್ಷ್ಮವಾಗಿದೆ: ಹಿಂಸೆಗೆ ಎದುರುದಾರ ಯಾವ ಸಮರ್ಥನೆಯನ್ನೂ ಮುಂದಿಡುವಂತಿಲ್ಲ, ಇದನ್ನು ಮಾತುಕತೆಗೆ ಮೊದಲೇ ಅವನಿಗೆ ತಿಳಿಸಬೇಕು. ಅವಳು ಎದುರು ಮಾತಾಡಿದಳು, ಅದಕ್ಕೇ ಹೊಡೆದೆ ಎಂಬ ಮಾತನ್ನು ಅಲ್ಲೇ ನಿಲ್ಲಿಸುವುದು, ನಿಲ್ಲಿಸಿಯೂ ಅವನನ್ನು ಕೋಣೆಯಲ್ಲಿ ಉಳಿಸಿಕೊಳ್ಳುವುದು ಪಳಗಿದ ಕೈಗಳಿಗೇ ಕಷ್ಟ. ಅಷ್ಟು ನಾಜೂಕಿನ ಕೆಲಸವನ್ನು ಕೊಟ್ಟು, ಅದಕ್ಕೆ ಬೇಕಾದ ಕಲಿಕೆಯನ್ನು ಹೇಳದೆ ಬಿಟ್ಟಿದ್ದೇವೆ. 2017ರಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಹೆಂಡತಿಯ ಮೇಲಿನ ಕ್ರೌರ್ಯದ 498ಎ ದೂರುಗಳನ್ನು ನೋಡಲು ಜಿಲ್ಲೆಗೊಂದು ಕುಟುಂಬ ಕಲ್ಯಾಣ ಸಮಿತಿ ಇರಲಿ ಎಂದಿತು. ಅರೆಕಾನೂನು ಸ್ವಯಂಸೇವಕರು, ಸಮಾಜ ಸೇವಕರು, ನಿವೃತ್ತರು, ಅಧಿಕಾರಿಗಳ ಪತ್ನಿಯರು ಸದಸ್ಯರಾಗಬಹುದಿತ್ತು, ಅವರಿಗೆ ಅಗತ್ಯವೆನಿಸಿದ ಕನಿಷ್ಠ ತರಬೇತಿ ಸಾಕಿತ್ತು. 2018ರ ಸೆಪ್ಟೆಂಬರಿನಲ್ಲಿ ತ್ರಿಸದಸ್ಯ ಪೀಠ ಆ ಸಮಿತಿಗಳನ್ನು ರದ್ದುಮಾಡಿತು. ಅಲಹಾಬಾದ್ ಹೈಕೋರ್ಟು ರೂಪಿಸಿದ ಅದೇ ಬಗೆಯ ಸಮಿತಿಗಳಿಗೆ 2025ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಸಮ್ಮತಿ ಕೊಟ್ಟಿತು. ಸಮಿತಿ ಇರಬೇಕೇ ಬೇಡವೇ ಎಂಬ ಚರ್ಚೆ ಕಾನೂನು ಬಲ್ಲವರಿಗೆ ಬಿಟ್ಟದ್ದು. ಅದರಲ್ಲಿ ಕೂರುವವರ ಸದುದ್ದೇಶವನ್ನೇ ಅರ್ಹತೆಯೆಂದು ಎಣಿಸುವುದು ನನಗೆ ಒಪ್ಪಿಗೆಯಿಲ್ಲ.

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಏಳುವ ಆಕ್ಷೇಪ ಹಿರಿಯರದು. ನಮ್ಮ ಕಡೆ ಸಂಸಾರದ ಜಗಳಕ್ಕೆ ಹಿರಿಯರಿದ್ದರು, ಊರ ಪಂಚಾಯ್ತಿ ಇತ್ತು, ಲೈಸೆನ್ಸು ಯಾರಿಗಿತ್ತು ಎನ್ನುತ್ತಾರೆ. ಹಿರಿಯರ ಮಾತಿಗೆ ಇಂದಿಗೂ ಬೆಲೆ ಇದೆ, ಇರಲಿ. ಆದರೆ ಪಂಚಾಯ್ತಿ ಕೂತದ್ದು ಒಡಂಬಡಿಕೆ ಮಾಡಿಸಲು. ಒಡವೆ ಯಾರಿಗೆ, ಮಗು ಯಾರ ಹತ್ತಿರ, ಕುಡಿತ ಬಿಡುತ್ತೇನೆಂದು ದೇವರ ಮುಂದೆ ಆಣೆ. ಸ್ಕಿಜೋಫ್ರೀನಿಯಾ ಇರುವ ಮಗ ಮಾತ್ರೆ ಬಿಟ್ಟು ಮತ್ತೆ ಕಾಯಿಲೆ ಬಿದ್ದ ಮನೆಗೆ ಆಣೆಯಿಂದ ಪ್ರಯೋಜನವಿಲ್ಲ. ಅಲ್ಲಿ ಮನೆಯವರು ರೋಗಿಯ ಜೊತೆ ಮಾತಾಡುವ ರೀತಿಯೇ ಕಾಯಿಲೆಯ ಗತಿಯ ಮೇಲೆ ಪರಿಣಾಮ ಮಾಡುತ್ತದೆ ಎಂಬುದು ಅಂದಾಜಿನ ಮಾತಲ್ಲ. ಲಂಡನ್ನಿನಲ್ಲಿ 1950ರ ದಶಕದ ಕೊನೆಯಿಂದ ನಡೆದ ಅಧ್ಯಯನಗಳು, ಸದಾ ಟೀಕೆ, ಕಹಿ, ಅತಿಯಾದ ತಲೆಹಾಕುವಿಕೆ ಇರುವ ಮನೆಗೆ ಮರಳಿದ ರೋಗಿಗಳಿಗೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ತೋರಿಸಿದವು. 1980ರ ದಶಕದಲ್ಲಿ ಚಂಡೀಗಢದಲ್ಲಿ ಅದೇ ಅಳತೆಗೋಲು ಹಿಡಿದು ನೋಡಿದಾಗ, ಅಂಥ ಕಹಿ ಲಂಡನ್ ಮನೆಗಳಿಗಿಂತ ನಮ್ಮ ಮನೆಗಳಲ್ಲಿ ಕಡಿಮೆ ಎಂದು ಕಂಡುಬಂತು. ಮನೆಯವರಿಗೆ ಕಾಯಿಲೆಯ ತಿಳಿವಳಿಕೆ ಕೊಟ್ಟು, ಮಾತಿನ ರೀತಿ ಬದಲಿಸಲು ಕ್ರಮವಾಗಿ ನೆರವಾದರೆ ಮರುಕಳಿಸುವುದು ತಗ್ಗುತ್ತದೆ ಎಂಬುದನ್ನು ಆಮೇಲಿನ ಹಲವು ಪ್ರಯೋಗಗಳ ಒಟ್ಟು ಪರಿಶೀಲನೆಯೂ ಹೇಳುತ್ತದೆ. ಈ ವಿದ್ಯೆ ಹೊರಗಿನಿಂದ ಬಂದದ್ದು ಎನ್ನುವವರು ಇನ್ನೊಂದು ಸಂಗತಿಯನ್ನು ನೆನೆಯಬೇಕು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರನ್ನು ಜೊತೆಗಿಟ್ಟುಕೊಂಡೇ ಬೆಳೆಯಿತು. ನಿಮ್ಹಾನ್ಸ್‌ನ ಕುಟುಂಬ ಮನೋವೈದ್ಯಕೀಯ ಕೇಂದ್ರದಲ್ಲಿ ಮನೆಮಂದಿಯೇ ಬಂದು ಕೆಲವು ವಾರ ಉಳಿದು ಚಿಕಿತ್ಸೆ ಪಡೆಯಬಹುದು. ಹೊರಗಿನವರು ರೋಗಿಯನ್ನು ಮನೆಯಿಂದ ಬೇರ್ಪಡಿಸಿ ಕೋಟೆಯಂಥ ಆಸ್ಪತ್ರೆಗಳಲ್ಲಿಟ್ಟಿದ್ದ ಕಾಲದಲ್ಲಿ ಮನೆಯನ್ನೇ ಆಸ್ಪತ್ರೆಗೆ ತಂದವರು ನಮ್ಮವರು. ಆ ಕೆಲಸಕ್ಕೆ ತಕ್ಕ ತರಬೇತಿಯ ನಿಯಮವನ್ನು ಮಾತ್ರ ನಾವು ಇನ್ನೂ ಬರೆದಿಲ್ಲ.

ಹಾಗಾದರೆ ಅಮೆರಿಕದಂತೆ ಕುಟುಂಬ ಚಿಕಿತ್ಸಕರದೇ ಪ್ರತ್ಯೇಕ ವೃತ್ತಿ ಆಗಲಿ ಎನ್ನಬಹುದು. ಅಲ್ಲಿ ಮದುವೆಯ ಸಲಹೆಗಾರರ ಸಂಘ 1942ರಲ್ಲಿ ಹುಟ್ಟಿತು. 1963ರಲ್ಲಿ ಕ್ಯಾಲಿಫೋರ್ನಿಯ ಮೊದಲು ಲೈಸೆನ್ಸು ಜಾರಿಗೆ ತಂದಿತು. ಕೊನೆಯ ರಾಜ್ಯಗಳು ತಂದದ್ದು 2009ರಲ್ಲಿ. ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಇವರಿಗೆ ನೇರವಾಗಿ ಹಣ ಕೊಡಲು ಒಪ್ಪಿದ್ದು 2024ರ ಜನವರಿಯಿಂದ. ಒಂದು ವೃತ್ತಿ ತನ್ನ ಜಾಗ ಹಿಡಿಯಲು ಅಷ್ಟು ಶ್ರೀಮಂತ ದೇಶದಲ್ಲೇ ಅರುವತ್ತು ವರ್ಷ ಹಿಡಿಯಿತು. ಆ ಅವಧಿಯ ಬಹುಪಾಲು ಇದು ನಮ್ಮ ಕೆಲಸ, ನಿಮ್ಮದಲ್ಲ ಎಂಬ ತಕರಾರಿನಲ್ಲಿ ಹೋಯಿತು. ಅವರಿಂದ ಕಲಿಯಬೇಕಾದದ್ದು ಬೇರೊಂದಿದೆ. ಕ್ಯಾಲಿಫೋರ್ನಿಯದಲ್ಲಿ ಸ್ನಾತಕೋತ್ತರ ಪದವಿಯ ಜೊತೆಗೆ ಕನಿಷ್ಠ 104 ವಾರಗಳಲ್ಲಿ ಹರಡಿದ 3000 ಗಂಟೆಗಳ ಮೇಲ್ವಿಚಾರಣೆಯ ಕೆಲಸ ಬೇಕು. ಅದರಲ್ಲಿ 500 ಗಂಟೆಯಾದರೂ ದಂಪತಿಗಳು, ಕುಟುಂಬಗಳು, ಮಕ್ಕಳ ಜೊತೆಗೇ ಆಗಿರಬೇಕು. ಆ 500 ಗಂಟೆಯೇ ಮುಖ್ಯ. ಬ್ರಿಟನ್ನಿನಲ್ಲಿ ಕುಟುಂಬ ಚಿಕಿತ್ಸಕ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯೇ ಇಲ್ಲ, ಸ್ವಯಂಪ್ರೇರಿತ ನೋಂದಣಿ ಮಾತ್ರ. ಜರ್ಮನಿ ಮೂರನೆಯ ದಾರಿ ಹಿಡಿಯಿತು: 1999ರಿಂದ ಜಾರಿಯಾದ ಕಾನೂನಿನಲ್ಲಿ ಮನಶ್ಚಿಕಿತ್ಸಕರಿಗೆ ಲೈಸೆನ್ಸು, ಅದರೊಳಗೆ ಒಂದೊಂದು ಚಿಕಿತ್ಸಾ ಪದ್ಧತಿಗೂ ಬೇರೆ ತರಬೇತಿ, ಕುಟುಂಬವನ್ನು ಒಟ್ಟಾಗಿ ನೋಡುವ ಪದ್ಧತಿಗೆ 2008ರಲ್ಲಿ ವೈಜ್ಞಾನಿಕ ಮನ್ನಣೆ, ಇನ್ನೂ ಹತ್ತು ವರ್ಷದ ಮೇಲೆ ವಿಮೆಯ ಒಪ್ಪಿಗೆ. ನಮಗೆ ಹತ್ತಿರವಾದದ್ದು ಈ ಮೂರನೆಯದು. ವೃತ್ತಿಗಳು ಇದ್ದಂತೆಯೇ ಇರಲಿ. ಅವುಗಳ ಮೇಲೆ ಒಂದೇ ಅಳತೆಯ ಕುಟುಂಬ ಕೆಲಸದ ದೃಢೀಕರಣ ಇರಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಡವರ ಕಡೆಯಿಂದ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಲೆಕ್ಕ ಹಾಕಿದವರು ಹೇಳಿದ್ದು 0.75. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಬೇರೆ ಬೇರೆ ಕಾಯಿಲೆಗಳಿಗೆ ಚಿಕಿತ್ಸೆ ಸಿಗದೆ ಉಳಿದವರು ನೂರಕ್ಕೆ ಎಪ್ಪತ್ತರಿಂದ ತೊಂಬತ್ತೆರಡು. ಹೀಗಿರುವಾಗ ಗಂಟೆ, ದೃಢೀಕರಣ ಎಂದು ಬೇಲಿ ಹಾಕಿದರೆ ಕಲ್ಯಾಣದುರ್ಗದ ಬಳಿಯ ಕುಂದುರ್ಪಿಯವರಿಗೆ ಈಗ ಸಿಗುವ ಅಲ್ಪಸ್ವಲ್ಪವೂ ಸಿಗದು ಎನ್ನುತ್ತಾರೆ. ಬೇಲಿ ಯಾವುದರ ಸುತ್ತ ಎಂಬುದರ ಮೇಲೆ ಇದರ ಉತ್ತರ ನಿಂತಿದೆ. ಕೇಳುವ, ಸಮಾಧಾನ ಹೇಳುವ, ಮಾತ್ರೆ ನೆನಪಿಸುವ, ಮನೆಗೆ ಹೋಗಿ ವಿಚಾರಿಸುವ ಕೆಲಸಕ್ಕೆ ಲೈಸೆನ್ಸು ಬೇಡ. ಚಿಕಿತ್ಸಕ ಎಂಬ ಹೆಸರಿಗೆ ಮತ್ತು ಇತರರ ಕೆಲಸವನ್ನು ನೋಡಿ ತಿದ್ದುವ ಅಧಿಕಾರಕ್ಕೆ ಬೇಕು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೃತ್ತಿಪರರಲ್ಲದ ಸಮಾಲೋಚಕರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಮನೋವೈದ್ಯರ ಮೇಲ್ವಿಚಾರಣೆಯಲ್ಲಿ ಖಿನ್ನತೆ, ಆತಂಕದ ರೋಗಿಗಳನ್ನು ನೋಡಿಸಿದರು. ಹೆಚ್ಚು ಜನ ಚೇತರಿಸಿಕೊಂಡರೆಂದು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಖಾಸಗಿ ವೈದ್ಯರ ಕ್ಲಿನಿಕ್‌ಗಳಲ್ಲಿ ಅದೇ ಫಲ ಸಿಗಲಿಲ್ಲ ಎಂಬುದನ್ನೂ ಅದು ಮುಚ್ಚಿಡಲಿಲ್ಲ. ಆ ಪ್ರಯೋಗ ಒಬ್ಬೊಬ್ಬ ರೋಗಿಯದು, ಕುಟುಂಬದ್ದಲ್ಲ ಎಂಬುದು ನಿಜ. ಕುಟುಂಬದ ಉದಾಹರಣೆ ಬೇಕಾದರೆ ಫಿಲಡೆಲ್ಫಿಯಾ ಇದೆ: 1960ರ ದಶಕದ ಕೊನೆಯಲ್ಲಿ ಕುಟುಂಬ ಚಿಕಿತ್ಸೆಯ ಗುರುಗಳಾದ ಸಾಲ್ವಡಾರ್ ಮಿನುಚಿನ್ ಮತ್ತು ಜೇ ಹೇಲಿ ಅಲ್ಲಿನ ಬಡ ಕಪ್ಪುವರ್ಣೀಯರ ಬಡಾವಣೆಗಳಿಂದಲೇ, ಕಾಲೇಜು ಮೆಟ್ಟಿಲು ಹತ್ತದವರನ್ನೂ ಆರಿಸಿ ಕುಟುಂಬ ಚಿಕಿತ್ಸೆ ಕಲಿಸಿದರು. ಪದವಿ ಇರಲಿಲ್ಲ, ಆದರೆ ಅವರು ಮನೆಯವರ ಜೊತೆ ಮಾತಾಡುವುದನ್ನು ಗುರುಗಳು ಒಮ್ಮುಖ ಗಾಜಿನ ಹಿಂದೆ ಕೂತು ನೋಡುತ್ತಿದ್ದರು, ತಪ್ಪಿದಲ್ಲಿ ಆಗಲೇ ತಿದ್ದುತ್ತಿದ್ದರು. ನಮ್ಮ ಪಕ್ಕದ ಬಳ್ಳಾರಿಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ. ರಾಯದುರ್ಗ ದಾಟಿದರೆ ಸಿಗುವ ಜಿಲ್ಲೆಯಲ್ಲಿ ಆದದ್ದು ಕಲ್ಯಾಣದುರ್ಗದಲ್ಲಿ ಆಗಲಾರದು ಎನ್ನಲು ಕಾರಣ ಕಾಣುವುದಿಲ್ಲ. ಪದವಿಯ ಬೇಲಿ ಬಡವರನ್ನು ಹೊರಗಿಡುತ್ತದೆ, ಒಪ್ಪುತ್ತೇನೆ. ಮೇಲ್ವಿಚಾರಣೆಯ ಷರತ್ತು ಹಾಗಲ್ಲ. ಪದವಿಯಿಲ್ಲದ ಆಶಾ ಕಾರ್ಯಕರ್ತೆಯೂ ಅದರ ಅಡಿಯಲ್ಲಿ ಕುಟುಂಬಕ್ಕೆ ನೆರವಾಗಬಹುದು.

ಲೈಸೆನ್ಸು ಇದ್ದವರು ತಪ್ಪು ಮಾಡಲಿಲ್ಲವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಮಾಡಿದ್ದಾರೆ, ಘೋರವಾಗಿಯೇ. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಹೆಸರಾಂತ ಮನೋವೈದ್ಯೆ, ಸ್ಕಿಜೋಫ್ರೀನಿಯಾ ಹುಟ್ಟಿಸುವ ತಾಯಿ ಎಂಬ ಕಲ್ಪನೆಯನ್ನು ಬರವಣಿಗೆಗೆ ತಂದರು. ತಾಯಿಯ ತಣ್ಣಗಿನ ವರ್ತನೆಯೇ ಆಟಿಸಂಗೆ ಕಾರಣವೆಂಬ ಮಾತೂ ದಶಕಗಳ ಕಾಲ ನಡೆಯಿತು. ಕಾಯಿಲೆಯ ಮಕ್ಕಳನ್ನು ಸಾಕಿದ ಸಾವಿರಾರು ತಾಯಂದಿರು, ನಾವೇ ಮಗುವನ್ನು ಕೆಡಿಸಿದೆವು ಎಂಬ ಭಾರ ಹೊತ್ತು ಬದುಕಿದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಸಿದ್ಧಾಂತಗಳು ಬಿದ್ದದ್ದು ಪುರಾವೆ ಕೇಳುವ ಶಿಸ್ತಿನಿಂದ, ಮತ್ತು ಹೊಣೆ ಹೊತ್ತ ಸಂಸ್ಥೆಗಳ ಎದುರು ದನಿಯೆತ್ತಿದ ಪಾಲಕರಿಂದ. ನೋಂದಣಿಯೇ ಇಲ್ಲದ ಕಡೆ ತಪ್ಪು ಸಿದ್ಧಾಂತ ಯಾರ ಬಾಯಲ್ಲಿ ಇನ್ನೂ ಓಡಾಡುತ್ತಿದೆ ಎಂದು ಗೊತ್ತೇ ಆಗದು, ದೂರು ಕೊಡಲು ಬಾಗಿಲೂ ಇರದು. ಇಂದಿಗೂ, ನೀನು ಸರಿಯಾಗಿ ಸಾಕಲಿಲ್ಲ ಎಂದು ತಾಯಿಗೆ ಹೇಳುವ ಸಲಹೆಗಾರರಿದ್ದಾರೆ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲದ್ದರಿಂದ ತೆಗೆದುಹಾಕುವಂತೆಯೂ ಇಲ್ಲ.

ನಿಯಮ ಹೇಗಿರಬೇಕು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ನಾಲ್ಕೂ ವೃತ್ತಿಯವರಿಗೆ ಒಂದೇ ಅಳತೆ: ಒಪ್ಪಿತ ಸಂಖ್ಯೆಯ ಕುಟುಂಬಗಳ ಜೊತೆ ಮೇಲ್ವಿಚಾರಣೆಯ ಕೆಲಸ, ಅದರಲ್ಲಿ ಸ್ವಲ್ಪ ಭಾಗವನ್ನಾದರೂ ಮೇಲ್ವಿಚಾರಕರು ಕಣ್ಣಾರೆ ನೋಡಿರಬೇಕು, ಕುಟುಂಬದವರ ಒಪ್ಪಿಗೆಯಿಂದ. ಹಿಂಸೆ, ಆತ್ಮಹತ್ಯೆಯ ಸೂಚನೆ, ಮಗುವಿನ ಮೇಲಿನ ದೌರ್ಜನ್ಯ ಇವನ್ನು ಗುರುತಿಸುವುದರಲ್ಲಿ ಪ್ರತ್ಯೇಕ ಪರೀಕ್ಷೆ. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಹುದೇ, ಯಾವಾಗ ಹೇಳಲೇಬೇಕು ಎಂಬ ಲಿಖಿತ ಕಟ್ಟಳೆ. ಕೆಲಸ ಯಾವ ಭಾಷೆಯ ಮನೆಗಳ ಜೊತೆ ನಡೆಯಿತು ಎಂಬ ದಾಖಲೆ. ಕೋರ್ಟು, ಠಾಣೆ, ಸಂರಕ್ಷಣಾಧಿಕಾರಿಗಳು ಕಳಿಸುವ ಪ್ರಕರಣಗಳು ಇಂಥ ದೃಢೀಕರಣ ಇರುವವರ ಕೈಗೆ, ಅಥವಾ ಅವರ ಮೇಲ್ವಿಚಾರಣೆಯಲ್ಲಿ ಇರುವವರ ಕೈಗೆ ಮಾತ್ರ ಹೋಗಬೇಕು. ಇದಕ್ಕೆ ಹೊಸ ಪ್ರಾಧಿಕಾರ ಬೇಕಿಲ್ಲ. ರಾಜ್ಯಗಳು ಕೊಟ್ಟ ಮಾಹಿತಿಯಿಂದ ನೋಂದಾಯಿತ ವೃತ್ತಿಪರರ ರಾಷ್ಟ್ರಮಟ್ಟದ ಪಟ್ಟಿ ಇಟ್ಟು ಅಂತರ್ಜಾಲದಲ್ಲಿ ಪ್ರಕಟಿಸುವ ಹೊಣೆಯನ್ನು 2017ರ ಕಾಯಿದೆ ಕೇಂದ್ರ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಈಗಾಗಲೇ ಕೊಟ್ಟಿದೆ. ಆ ಪಟ್ಟಿಗೆ ಎರಡು ಅಂಕಣ ಸೇರಿಸಿದರೆ ಸಾಕು: ಕುಟುಂಬಗಳ ಜೊತೆ ಪಡೆದ ತರಬೇತಿ, ಕೆಲಸ ಮಾಡಬಲ್ಲ ಭಾಷೆಗಳು. ಆಗ ಹಿಂದೂಪುರದ ಕನ್ನಡ ಮನೆಯವರು ತಮ್ಮ ಜಿಲ್ಲೆಯಲ್ಲೋ ಗಡಿಯಾಚೆಯ ಗೌರಿಬಿದನೂರಿನಲ್ಲೋ ಯಾರಿದ್ದಾರೆ ಎಂದು ನೋಡಿ ಹೋಗಬಹುದು, ರಾಜ್ಯದ ಗೆರೆ ಅಡ್ಡ ಬರದು.

ಅದು ಆಗುವವರೆಗೆ ಕೇಳುಗರು ತಮ್ಮ ಕೈಲಿರುವುದನ್ನು ಮಾಡಬಹುದು. ಕೌನ್ಸೆಲಿಂಗ್‌ಗೆ ಹೋದಾಗ ಸಂಕೋಚವಿಲ್ಲದೆ ಕೇಳಿ: ನಿಮ್ಮ ನೋಂದಣಿ ಯಾವ ಪರಿಷತ್ತಿನದು, ಸಂಖ್ಯೆ ಏನು, ಕುಟುಂಬಗಳ ಜೊತೆ ಕೆಲಸವನ್ನು ಎಲ್ಲಿ ಕಲಿತಿರಿ, ಕಷ್ಟದ ಪ್ರಕರಣ ಬಂದಾಗ ಯಾರ ಜೊತೆ ಚರ್ಚಿಸುತ್ತೀರಿ. ಬಲ್ಲವರು ಈ ಪ್ರಶ್ನೆಗಳಿಗೆ ಮುನಿಯುವುದಿಲ್ಲ. ರಾತ್ರಿ ಹಗಲೆನ್ನದೆ ತುರ್ತು ಬಂದರೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು. ಇನ್ನು ಸರ್ಕಾರಗಳ ಮಾತು. ಮಾನಸಿಕ ಆರೋಗ್ಯ ವೃತ್ತಿಪರರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತರಲು 2017ರ ಕಾಯಿದೆ ಕೊಟ್ಟದ್ದು ಹತ್ತು ವರ್ಷ. ಅದು ಜಾರಿಗೆ ಬಂದದ್ದು 2018ರ ಮೇ 29ರಂದು. 2028ರ ಮೇ ತಿಂಗಳಿನೊಳಗೆ ಆಂಧ್ರ ಮತ್ತು ಕರ್ನಾಟಕದ ಮಾನಸಿಕ ಆರೋಗ್ಯ ಪ್ರಾಧಿಕಾರಗಳು ಒಮ್ಮೆ ಒಂದೇ ಮೇಜಿನ ಮುಂದೆ ಕೂತು, ಗಡಿ ತಾಲ್ಲೂಕುಗಳ ಕುಟುಂಬಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ನೋಡಬಲ್ಲವರ ತರಬೇತಿಯನ್ನು ನಿಮ್ಹಾನ್ಸ್ ಜೊತೆ ಸೇರಿ ಶುರು ಮಾಡಲಿ. ಅದರ ಮೊದಲ ತಂಡದ ಮೇಲ್ವಿಚಾರಣೆಯ ಗಂಟೆಗಳು ಬೆಂಗಳೂರಿನ ಕೋಣೆಗಳಲ್ಲಿ ಮಾತ್ರ ಮುಗಿಯದೆ ಹಿಂದೂಪುರ, ಕಲ್ಯಾಣದುರ್ಗದ ಸರ್ಕಾರಿ ಆಸ್ಪತ್ರೆಗಳಲ್ಲೂ ನಡೆಯಲಿ.